ಕುನಿಗುಂಡೆಯ ಕೋಟೆಗೋಡೆ

ಆತ್ಮೀಯ ಓದುಗರೇ,

ಪೋಲೆಂಡ್‌ನ ಯೆಲೆನ್ಯಾ ಗೂರಾ ಪಟ್ಟಣದ ಅಂಚಿನಲ್ಲಿ 627 ಮೀಟರ್ ಎತ್ತರದ ಒಂದು ಗುಡ್ಡವಿದೆ. ಅದರ ನೆತ್ತಿಯ ಮೇಲೆ ಹೊಯ್ನಿಕ್ ಕೋಟೆ. 1945ರವರೆಗೆ ಈ ಸೀಮೆ ಜರ್ಮನಿಗೆ ಸೇರಿತ್ತು. ಆಗ ಕೋಟೆಯನ್ನು ಕೀನಾಸ್ಟ್ ಅನ್ನುತ್ತಿದ್ದರು. 1675ರಲ್ಲಿ ಸಿಡಿಲು ಬಡಿದು ಸುಟ್ಟುಹೋದ ಮೇಲೆ ಅದನ್ನು ಮತ್ತೆ ಕಟ್ಟಲಿಲ್ಲ. ಉಳಿದದ್ದು ಮೊಂಡುಗೋಡೆಗಳು, ಜೊತೆಗೆ ಕುನಿಗುಂಡೆಯ ಕತೆ.

ಕುನಿಗುಂಡೆ ಆ ಕೋಟೆಯ ಒಡತಿ, ಚೆಲುವೆ. ಮದುವೆ ಕೇಳಿ ಬಂದವರಿಗೆಲ್ಲ ಅವಳದು ಒಂದೇ ಷರತ್ತು. ಉಕ್ಕಿನ ಕವಚ ತೊಟ್ಟು, ಕುದುರೆ ಏರಿ, ಕೋಟೆಗೋಡೆಯ ಮೇಲೆಯೇ ಒಂದು ಸುತ್ತು ಬರಬೇಕು. ಕೆಳಗೆ ಪ್ರಪಾತ. ಆ ಕಣಿವೆಗೆ ಜನ ಇಟ್ಟ ಹೆಸರೇ ನರಕದ ಕಣಿವೆ. ಯೋಧರು ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಾಗಿ ಬಿದ್ದು ಸತ್ತರು. ಕತೆ ಹೇಳುವವರು ಅವರಿಗೆ ಹೆಸರನ್ನೂ ಕೊಡುವುದಿಲ್ಲ. ನನಗೆ ಜಾಸ್ತಿ ಸಂಕಟವಾಗುವುದು ಇಲ್ಲೇ. ಅವರಿಗೂ ಮನೆಯಲ್ಲಿ ತಾಯಿ ಕಾಯುತ್ತಿದ್ದಿರಬೇಕು ಅಲ್ವಾ?

ಕೊನೆಗೊಬ್ಬ ಬಂದ. ಅವನನ್ನು ಕಂಡದ್ದೇ ತಡ, ಕುನಿಗುಂಡೆ ಮನಸೋತಳು. ಗೋಡೆ ಏರಬೇಡ, ಹಾಗೇ ಮದುವೆಯಾಗುತ್ತೇನೆ ಎಂದು ಬೇಡಿಕೊಂಡಳು. ಅವನು ಕೇಳಲಿಲ್ಲ. ಪಳಗಿದ ಕುದುರೆಯ ಮೇಲೆ ಸುತ್ತು ಮುಗಿಸಿ ಇಳಿದ. ಅವಳಿಂದ ಸತ್ತವರನ್ನೆಲ್ಲ ನೆನಪಿಸಿ, ನೀನು ನನಗೆ ಬೇಡ ಎಂದು ಹೊರಟೇಹೋದ. ಆಮೇಲೆ ಅವಳೂ ಅದೇ ಪ್ರಪಾತಕ್ಕೆ ಹಾರಿದಳು ಎಂದು ಹೇಳುವವರಿದ್ದಾರೆ.

ಜಂಬದ ಹೆಣ್ಣಿಗೆ ತಕ್ಕ ಶಾಸ್ತಿಯಾಯಿತು ಎಂದು ಇದನ್ನು ಮುಗಿಸುವುದು ವಾಡಿಕೆ. ನನಗೆ ಒಪ್ಪಿಗೆಯಿಲ್ಲ. ಕೆಲವರು ಹೇಳುವ ಕತೆಯಲ್ಲಿ ಅವಳ ತಂದೆಯೇ ಮೊದಲು ಆ ಗೋಡೆಯಿಂದ ಬಿದ್ದು ಸತ್ತಿರುತ್ತಾನೆ. ಅದೊಂದು ಸಂಗತಿ ಸೇರಿದರೆ ಸಾಕು, ಷರತ್ತು ಸುಮ್ನೆ ಹುಟ್ಟಿದ್ದಲ್ಲ ಅನಿಸುತ್ತದೆ. ಅಪ್ಪನನ್ನು ನುಂಗಿದ ಗೋಡೆಯನ್ನು ಯಾರಾದರೂ ಗೆದ್ದು ಬರಲಿ ಎಂದು ಕಾದ ಮಗಳು ಕಾಣುತ್ತಾಳೆ. ಹಾಗಂತ ಆ ಯೋಧರ ಸಾವು ಹಗುರವಾಗುವುದಿಲ್ಲ. ಆದರೆ 'ಏರಬೇಡ' ಎಂದಳಲ್ಲ, ಅದು ಇನ್ನೊಮ್ಮೆ ಅಂಥದೇ ಸಾವು ನೋಡಲಾರದವಳ ಮಾತು. ಅದನ್ನೂ ಅವನು ಕೇಳಿಸಿಕೊಳ್ಳಲಿಲ್ಲ.

ನೀವಿರುವ ಊರಿನ ಕೋಟೆಗೋ ಕೆರೆಗೋ ಇಂಥ ಕತೆಯಿದ್ದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಒಂದೇ ಕತೆಯನ್ನು ಎರಡು ಥರ ಕೇಳಿದ್ದರೆ ಎರಡನ್ನೂ ಬರೆಯಿರಿ.

ಪ್ರೀತಿಯಿಂದ,
ನಿಮ್ಮ ಸಂಪಾದಕಿ