ಕೆಂಚನ ಬಿಸ್ಕತ್ತಿನ ಲೆಕ್ಕ

ಎಡಿನ್‌ಬರೊ
ಭಾನುವಾರ

ಅಪ್ಪಯ್ಯನಿಗೂ ಅಮ್ಮನಿಗೂ ನಮಸ್ಕಾರಗಳು.

ನಮ್ಮ ಬೀದಿಯ ನಾಯಿ ಕೆಂಚನ ಫೋಟೊ ಬಂತು. ಅವನ ಸೊಂಟ ಎಲ್ಲಿ ಹೋಯಿತು? ಮೇಲಿನಿಂದ ನೋಡಿದರೆ ಪಕ್ಕೆ ಮುಗಿಯುವಲ್ಲಿ ಮೈ ಒಳಕ್ಕೆ ಸರಿಯಬೇಕು, ಅವನು ಎದೆಯಿಂದ ಬಾಲದವರೆಗೂ ಒಂದೇ ಅಳತೆ. ಗುಂಡಗಾಗಿದ್ದಾನೆ ಅಂತ ಅಮ್ಮ ಖುಷಿಪಡುವುದು ಬೇಡ. ಕೈಯಲ್ಲೇ ಪರೀಕ್ಷೆ ಮಾಡಿ. ಮುಷ್ಟಿ ಬಿಗಿದು ಗೆಣ್ಣುಗಳ ಮೇಲೆ ಬೆರಳಾಡಿಸಿ. ಪಕ್ಕೆಲುಬು ಹಾಗೆ ಎದ್ದು ತಾಗಿದರೆ ನಾಯಿ ಬಡಕಲು. ಕೈ ಚಾಚಿದಾಗ ಹಿಂಗೈ ಮುಟ್ಟಲು ಹೇಗಿರುತ್ತದೋ ಹಾಗಿದ್ದರೆ ಸರಿ. ಅಂಗೈ ಬುಡದಂತೆ ಮೆತ್ತಗಿದ್ದು ಎಲುಬನ್ನು ಹುಡುಕಬೇಕಾಗಿ ಬಂದರೆ ಅದು ಬೊಜ್ಜು.

ಇಲ್ಲಿ ನಾವಿಬ್ಬರೂ ಕೆಲಸ ಮಾಡುವ ಪ್ರಾಣಿ ಆಸ್ಪತ್ರೆಗೂ ಇಂಥವು ಬರುತ್ತವೆ. ಬೀದಿಗೆಲ್ಲ ಬೇಕಾದ ನಾಯಿಗೆ ಯಾರೂ ಹೆಚ್ಚು ಹಾಕುವುದಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪವೇ ಹಾಕುತ್ತಾರೆ. ಲೆಕ್ಕ ನೋಡಿ. ಸಂತಾನಹರಣದ ಆಪರೇಷನ್ ಆದ, 15 ಕೆಜಿ ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 850 ಕ್ಯಾಲರಿ ಸಾಕು. 100 ಗ್ರಾಂ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಹತ್ತಿರ ಹತ್ತಿರ 450 ಕ್ಯಾಲರಿ ಇರುತ್ತದೆ. ನಾಲ್ಕು ಮನೆಯವರು 50 ಗ್ರಾಮಿನ ಒಂದೊಂದು ಪ್ಯಾಕೆಟ್ ಒಡೆದರೆ ಅಲ್ಲಿಗೇ ದಿನದ ಕೋಟಾ ಮುಗಿದು ಮಿಕ್ಕಿತು. ಆಮೇಲೆ ಮನೆಯ ಅನ್ನ ಬೇರೆ.

ತಿಂಡಿ ಒಟ್ಟು ಆಹಾರದ ಹತ್ತರಲ್ಲಿ ಒಂದು ಪಾಲು ದಾಟಬಾರದು, ಅಂದರೆ ಮೂರು ನಾಲ್ಕು ಬಿಸ್ಕತ್ತು. ಕೊಡಬೇಡಿ ಎಂದರೆ ಮೂಲೆಮನೆ ಅಜ್ಜಿ ಕೇಳುವವರಲ್ಲ, ಕದ್ದು ಹಾಕುತ್ತಾರೆ. ಅದಕ್ಕೆ ಗೇಟಿನ ಹತ್ತಿರ ಮುಚ್ಚಳದ ಡಬ್ಬಿ ಇಡಿ. ಬೆಳಿಗ್ಗೆ ನಾಲ್ಕು ಬಿಸ್ಕತ್ತನ್ನು ಕಡಲೆಕಾಯಿ ಗಾತ್ರಕ್ಕೆ ಮುರಿದು ತುಂಬಿ, ಯಾರು ಕೊಡುವುದಿದ್ದರೂ ಅದರಿಂದಲೇ ಕೊಡಲಿ. ಚೂರು ದೊಡ್ಡದೋ ಚಿಕ್ಕದೋ, ನಾಯಿಗೆ ಎಷ್ಟು ಸಲ ಸಿಕ್ಕಿತು ಅನ್ನುವುದೇ ಮುಖ್ಯ. ಅಡಿಕೆ ತೂಗುವ ತಕ್ಕಡಿಯ ಮೇಲೆ ವಾರಕ್ಕೊಮ್ಮೆ ನಿಲ್ಲಿಸಿ ತೂಕ ಬರೆದಿಡಿ. ವಾರಕ್ಕೆ 200 ಗ್ರಾಂ ಇಳಿದರೆ ಸಾಕು, ಉಪವಾಸ ಕೆಡವಬೇಡಿ.

ಹಬ್ಬದ ದಿನ ಮಾತ್ರ ನಿಗಾ ಬೇಕು. ಪಾಯಸದ ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನು ಒಂದೆರಡು ದಿನದಲ್ಲೇ ಕೆಡಿಸುತ್ತದೆ. ಎಷ್ಟು ತಿಂದರೆ ಅಪಾಯ ಎಂದು ಮೊದಲೇ ಹೇಳಲಾಗದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಎಂಬ ಅನುಮಾನ ಈಚೆಗೆ ಬಲವಾಗಿದೆ. ಅದು ಹುಣಸೆಹಣ್ಣಿನಲ್ಲೂ ಇದೆ. ಹುಳಿ ಕಲಸಿದ ಅನ್ನವನ್ನು ನಿಲ್ಲಿಸಿ, ಅದರಲ್ಲಿ ಈರುಳ್ಳಿಯೂ ಇರುತ್ತದಲ್ಲ, ಅದು ರಕ್ತಕಣವನ್ನು ಒಡೆಯುತ್ತದೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ. ಜ್ವರ ಬಂದಿದೆ ಎಂದು ಮನೆಯ ಪ್ಯಾರಾಸಿಟಮಾಲ್ ಹಾಕುವುದಂತೂ ಬೇಡವೇ ಬೇಡ.

ಉಣುಗಿನ ವಿಷಯ. ಮೈಯಿಂದ ಕಿತ್ತರೂ ವಾರದೊಳಗೆ ಮತ್ತೆ ಬರುತ್ತವೆ ಎಂದಿರಿ. ಬಂದೇ ಬರುತ್ತವೆ. ಈ ಕಂದು ಉಣುಗು ಮರಿಯಾಗಿದ್ದಾಗ, ಬೆಳೆಯುವಾಗ, ಬಲಿತ ಮೇಲೆ ಹೀಗೆ ಮೂರು ಸಲ ನಾಯಿಯನ್ನು ಹತ್ತಿ ರಕ್ತ ಹೀರಿ ಕೆಳಗೆ ಉದುರುತ್ತದೆ. ಆಮೇಲೆ ಗೋಡೆ ಹತ್ತಿ ಬಿರುಕು ಸೇರುತ್ತದೆ. ಒಂದು ಹೆಣ್ಣು ಇಡುವುದು ಸಾವಿರಗಟ್ಟಲೆ ಮೊಟ್ಟೆ. ಕೆಂಚ ಮಲಗುವುದು ಆರು ಮನೆಯ ಜಗಲಿಯಲ್ಲಿ, ನಮ್ಮದೊಂದನ್ನೇ ತೊಳೆದರೆ ಏನು ಬಂತು? ಅವನ ಗೋಣಿಚೀಲಗಳನ್ನು ಸುಟ್ಟುಬಿಡಿ, ಎಲ್ಲ ಜಗಲಿಯ ಬಿರುಕಿಗೂ ಸಿಮೆಂಟ್ ಮೆತ್ತಿಸಿ. ನಾಯಿಗೆ ನುಂಗಿಸುವ ಮಾತ್ರೆ ಬಂದಿದೆ, ತಿಂಗಳಿಗೊಮ್ಮೆಯದೂ ಇದೆ, ಮೂರು ತಿಂಗಳಿಗೊಮ್ಮೆಯದೂ ಇದೆ. ತೂಕ ಹೇಳಿಯೇ ತನ್ನಿ. ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ದನಕ್ಕೆ ಹಾಕುವ ಔಷಧಿಯನ್ನು ಅಂದಾಜಿನಲ್ಲಿ ಬಳಿಯಬೇಡಿ, ಅವನು ನೆಕ್ಕಿಕೊಳ್ಳುತ್ತಾನೆ.

ಕೀಳುವಾಗ ಚಿಮುಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಬೆರಳಲ್ಲಿ ಹೊಸಕಲೂಬೇಡಿ, ಸ್ಪಿರಿಟ್ಟಿಗೆ ಹಾಕಿ. ಊಟ ಬಿಟ್ಟರೆ, ವಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಉಣುಗು ಜ್ವರ ಇರಬಹುದು, ಅದೇ ದಿನ ರಕ್ತಪರೀಕ್ಷೆ ಆಗಬೇಕು. ಅದಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಡುತ್ತಾರೆ, 28 ದಿನ. ನಾಲ್ಕನೇ ದಿನಕ್ಕೆ ಬಾಲ ಅಲ್ಲಾಡಿಸಿದ ಅಂತ ನಿಲ್ಲಿಸಿದರೆ ಜ್ವರ ಮರುಕಳಿಸಬಹುದು.

ಇನ್ನೊಂದು, ಅವನು ಯಾರ ಹೆಸರಲ್ಲಿದ್ದಾನೆ? ಈ ಊರಲ್ಲಿ ಗ್ರೇಫ್ರೈಯರ್ಸ್ ಬಾಬಿ ಅಂತ ಒಂದು ನಾಯಿಯ ಪ್ರತಿಮೆ ಇದೆ. ಯಜಮಾನನ ಗೋರಿ ಕಾದ ಕತೆಯಲ್ಲಿ ಎಷ್ಟು ನಿಜವೋ, ಆದರೆ 1867ರಲ್ಲಿ ಲೈಸೆನ್ಸ್ ಇಲ್ಲದ ನಾಯಿಗಳನ್ನು ಕೊಲ್ಲುವ ಕಾಲ ಬಂದಾಗ ಅದನ್ನು ಉಳಿಸಿದ್ದು ಊರವರ ಅಕ್ಕರೆ ಒಂದೇ ಅಲ್ಲ. ನಗರದ ಮುಖ್ಯಸ್ಥ ವಿಲಿಯಂ ಚೇಂಬರ್ಸ್ ಲೈಸೆನ್ಸಿನ ಹಣ ಕಟ್ಟಿ ಕೊರಳಿಗೆ ಪಟ್ಟಿ ಹಾಕಿಸಿದ. ಆ ಪಟ್ಟಿ ಇಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಈಗಂತೂ ಇಲ್ಲಿ 2016ರಿಂದ ನಾಯಿಗೆ ಚರ್ಮದಡಿ ಕೂರಿಸುವ ಗುರುತಿನ ಮೈಕ್ರೊಚಿಪ್ ಕಡ್ಡಾಯ.

ನೀವು ಅಪ್ಪಯ್ಯನ ಹೆಸರು, ಫೋನ್ ನಂಬರು ಕೊರೆಸಿದ ಬಿಲ್ಲೆಯನ್ನು ಕೊರಳಿಗೆ ಕಟ್ಟಿ, ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಲಸಿಕೆಯ ಕಾರ್ಡೂ ಒಂದೇ ಮನೆಯಲ್ಲಿರಲಿ. ಅವರು ಹಾಕಿಸಿರಬಹುದು ಅಂತ ಇವರು, ಇವರು ಹಾಕಿಸಿರಬಹುದು ಅಂತ ಅವರು, ಹೀಗೇ ರೇಬೀಸ್ ಇಂಜೆಕ್ಷನ್ ತಪ್ಪುವುದು. ವರ್ಷಕ್ಕೊಮ್ಮೆ ಅದು, ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ. ಆಟದಲ್ಲಿ ಮಕ್ಕಳಿಗೆ ಹಲ್ಲು ತಾಗಿ ಗೀರಿದರೂ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲಿ. ನಮ್ಮ ಕೆಂಚ ಅಲ್ವಾ ಎಂದು ಅರಿಸಿನ ಮೆತ್ತಿ ಕೂರಿಸಬೇಡಿ.

ಎದೆಪಟ್ಟಿ ಕಳಿಸುತ್ತೇವೆ, ಅಳತೆ ಬೇಕು. ನಿಲ್ಲಿಸಿಕೊಂಡು ಮುಂಗಾಲಿನ ಹಿಂದೆ, ಎದೆ ಅಗಲವಾಗಿರುವಲ್ಲಿ ದಾರ ಸುತ್ತಿ ಸೆಂಟಿಮೀಟರಿನಲ್ಲಿ ಬರೆಯಿರಿ. ಈಗಿನ ಅಳತೆಗಿಂತ ಒಂದು ಸೈಜ್ ಸಣ್ಣದಕ್ಕೂ ಬಿಗಿ ಮಾಡಬಹುದಾದದ್ದನ್ನೇ ನೋಡಿ ತೆಗೆದುಕೊಳ್ಳುತ್ತೇವೆ.

ನಿಮ್ಮ
ಮಗ, ಸೊಸೆ