ಮೇಷ್ಟ್ರೇ ಇಲ್ದಿದ್ರೆ ‘ಎಕ್ಸಲೆನ್ಸ್’ ಎಲ್ಲಿಂದ ಬರುತ್ತೆ?

ಸಂಪಾದಕರೇ,

ಈಗ ಯಾವ ವಿವಿ ಕಡೆ ನೋಡಿದ್ರೂ ಒಂದೇ ಮಾತು, ನಮ್ಮ ಸ್ಟ್ರೆಂತ್ ಎಲ್ಲಿದೆಯೋ ಅಲ್ಲಿಗೆ ರಿಸರ್ಚ್ ಫಂಡ್ ಹಾಕ್ತೀವಿ ಅಂತ. ತಪ್ಪೇನಿಲ್ಲ, ಇರೋ ಅಷ್ಟು ದುಡ್ಡನ್ನ ಎಲ್ಲಾ ಡಿಪಾರ್ಟ್‌ಮೆಂಟಿಗೂ ಹಂಚಿದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಆಗುತ್ತೆ. ಆದ್ರೆ ಆ ಸ್ಟ್ರೆಂತ್ ಲಿಸ್ಟ್ ನೋಡಿದ್ರೆ ಎಲ್ಲಾ ಕಡೆ ಅದೇ ಎಐ, ಸೆಮಿಕಂಡಕ್ಟರ್, ಕ್ವಾಂಟಮ್. ಎಲ್ಲರ ಶಕ್ತಿನೂ ಒಂದೇ ಆಗೋಕೆ ಹೇಗೆ ಸಾಧ್ಯ ಸ್ವಾಮಿ?

2018ರಲ್ಲಿ ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕೇಂದ್ರ ಸರ್ಕಾರದ ‘ಇನ್‌ಸ್ಟಿಟ್ಯೂಟ್ ಆಫ್ ಎಮಿನೆನ್ಸ್’ ಆಯ್ತು, ಆ ಸ್ಕೀಮಲ್ಲಿ ಸರ್ಕಾರಿ ಸಂಸ್ಥೆಗೆ ಐದು ವರ್ಷಕ್ಕೆ 1000 ಕೋಟಿವರೆಗೆ ಕೊಡೋದು ಅಂತ ಇತ್ತು. ಅದಕ್ಕೆ ಸಿಗ್ಬೇಕಾದ್ದೇ, ಎರಡು ಮಾತಿಲ್ಲ. ಆದ್ರೆ ಅದರ ಶಕ್ತಿ 2018ರಲ್ಲಿ ಹುಟ್ಟಿದ್ದಲ್ಲ, 1909ರಿಂದ ಟಾಟಾ ದುಡ್ಡು, ಮೈಸೂರು ಅರಸರು ಕೊಟ್ಟ ಜಾಗ, ತಲೆಮಾರಿಂದ ತಲೆಮಾರಿಗೆ ಖಾಯಂ ಪ್ರೊಫೆಸರ್‌ಗಳು, ಇಷ್ಟೆಲ್ಲಾ ಸೇರಿ ಆಗಿದ್ದು. ರಾಜ್ಯ ವಿವಿಗಳಲ್ಲಿ ನಾವು ಮಾಡ್ತಿರೋದೇನು? ರಿಟೈರ್ ಆದವರ ಜಾಗ ತುಂಬಲ್ಲ, ಗೆಸ್ಟ್ ಲೆಕ್ಚರರ್ ಇಟ್ಕೊಂಡು ಪಾಠ ಮುಗಿಸ್ತೀವಿ, ಇರೋ ದುಡ್ಡು ಪೆನ್ಷನ್‌ಗೇ ಸಾಲಲ್ಲ. ಗೆಸ್ಟ್‌ಗಳು ಪಿಎಚ್‌ಡಿ ಗೈಡ್ ಆಗೋಕಾಗಲ್ಲ, ಪ್ರಾಜೆಕ್ಟ್‌ಗೆ ಅರ್ಜಿ ಹಾಕೋದೂ ಕಷ್ಟ, ಹಾಗಾಗಿ ಪ್ರಾಜೆಕ್ಟ್ ಇಲ್ಲ, ಪೇಪರ್ ಇಲ್ಲ, ಆಮೇಲೆ ರ‍್ಯಾಂಕಿಂಗ್ ನೋಡಿ ಈ ಡಿಪಾರ್ಟ್‌ಮೆಂಟ್ ವೀಕು ಅಂತ ಷರಾ ಬರೆದು ಫಂಡ್ ಬೇರೆ ಕಡೆ ತಿರುಗಿಸ್ತಾರೆ.

2023ರ ಕಾಯ್ದೆಯಿಂದ ಬಂದ ಎಎನ್‌ಆರ್‌ಎಫ್, ಅಂದ್ರೆ ರಿಸರ್ಚ್‌ಗೆ ದುಡ್ಡು ಕೊಡೋ ಕೇಂದ್ರದ ಸಂಸ್ಥೆ, ದೊಡ್ಡ ಸಂಸ್ಥೆನ ಹಬ್ ಮಾಡಿ ರಾಜ್ಯ ವಿವಿಗಳನ್ನ ಅದರ ಜೊತೆ ಸೇರಿಸೋ ಸ್ಕೀಮ್ ತಂದಿದೆ, ಐಡಿಯಾ ಒಳ್ಳೇದೇ. ಜೊತೆ ಸೇರೋಕಾದ್ರೂ ಈ ಕಡೆ ಜನ ಇರ್ಬೇಕಲ್ಲ.

ನಿಜವಾದ ಶಕ್ತಿ ಹೇಗೆ ಬೆಳೆಯುತ್ತೆ ಅಂತ ನೋಡ್ಬೇಕಿದ್ರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ನೋಡ್ಲಿ. ಅಲ್ಲಿನ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾ ರಾಗಿಗೂ ಕ್ರಾಸ್ ಮಾಡಿ ಇಂಡಾಫ್ ತಳಿಗಳನ್ನ ತಂದ್ರು. ರಾಗಿ ಹೂವು ತೀರಾ ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮಾಡ್ಕೊಳ್ಳುತ್ತೆ, ಕ್ರಾಸ್ ಮಾಡೋದೇ ದೊಡ್ಡ ತಲೆನೋವು, ವರ್ಷಗಟ್ಟಲೆ ಅದೇ ಗದ್ದೆಲಿ ಕೂತು ಮಾಡಿದ ಕೆಲಸ ಅದು. ಇವತ್ತಿನ ಮೂರು ವರ್ಷದ ಪ್ರಾಜೆಕ್ಟ್‌ಗೆ ಅದು ದಕ್ಕುತ್ತಾ? ಮೈಸೂರಿನ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇನ್ನೊಂದು, ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚು ಹಾಕಿಸಿದ್ದು ಅಲ್ಲಿನ ಓಲೆಗರಿಯಿಂದ. ಗ್ರಂಥ, ತಿಗಳಾರಿ ಅನ್ನೋ ಹಳೇ ಲಿಪಿಗಳನ್ನ ಓದೋರನ್ನ ತಯಾರು ಮಾಡೋಕೆ ವರ್ಷಗಳೇ ಬೇಕು, ಬೇರೆ ಊರಿನವರು ಕೋಟಿ ಸುರಿದ್ರೂ ಆ ಓಲೆಗರಿ ಕಲೆಕ್ಷನ್ ಅವರಿಗೆ ಸಿಗಲ್ಲ. ಇದಕ್ಕಿಂತ ಸ್ಟ್ರೆಂತ್ ಇನ್ನೇನು ಬೇಕು?

ಎಐ ಬೇಡ ಅಂತಿಲ್ಲ ನಾನು. ಆದ್ರೆ ಹೊಸ ಬಿಲ್ಡಿಂಗ್, ಹೊಸ ಬೋರ್ಡಿಗೆ ಸಲೀಸಾಗಿ ದುಡ್ಡು ಹೊಂದಿಸ್ತಾರೆ, ಯಾಕಂದ್ರೆ ಅದನ್ನ ಉದ್ಘಾಟನೆ ಮಾಡ್ಬಹುದು, ಖಾಲಿ ಹುದ್ದೆ ತುಂಬೋಕೆ ರಿಬ್ಬನ್ ಕಟ್ ಮಾಡೋಕಾಗಲ್ಲ ನೋಡಿ. ಉನ್ನತ ಶಿಕ್ಷಣ ಇಲಾಖೆ ಒಂದು ರೂಲ್ ಮಾಡ್ಲಿ: ಯಾವ ವಿವಿ ಯಾವ ವಿಷಯನ ತನ್ನ ಆದ್ಯತೆ ಅಂತ ಘೋಷಿಸುತ್ತೋ, ಆ ವಿಷಯದಲ್ಲಿ ಖಾಯಂ ಹುದ್ದೆ ಎಷ್ಟು, ಅದರಲ್ಲಿ ತುಂಬಿರೋದು ಎಷ್ಟು, ಈ ಎರಡು ಸಂಖ್ಯೆ ಪಕ್ಕದಲ್ಲೇ ಹಾಕ್ಬೇಕು. ಫಂಡ್ ವಿಚಾರ ಅದಾದ್ಮೇಲೆ ಮಾತಾಡೋಣ.

– ಒಬ್ಬ ನಿವೃತ್ತ ಉಪನ್ಯಾಸಕ, ತುಮಕೂರು