ಆ ಉಳಿದ ಐದು ಮಂದಿ ಯಾರು?

ಸಂಪಾದಕರಿಗೆ ನಮಸ್ಕಾರ.

ಸೆಪ್ಟೆಂಬರ್ 8ರ ಸಾಕ್ಷರತಾ ದಿನದ ಮರುದಿನ ನಿಮ್ಮ ಪತ್ರಿಕೆಯಲ್ಲಿ ಒಂದು ಫೋಟೊ ಬಂದಿತ್ತು. ಒಬ್ಬ ಅಜ್ಜಿ ಪಾಟಿ ಹಿಡಿದು ನಗುತ್ತಿದ್ದರು. ಚೆಂದದ ಫೋಟೊ. ನನ್ನ ಕಣ್ಣು ಮಾತ್ರ ಅದರ ಕೆಳಗಿನ ಸುದ್ದಿಯಲ್ಲಿ ನಿಂತುಬಿಟ್ಟಿತು. ಒಂದು ರಾಜ್ಯದಲ್ಲೋ ಕೇಂದ್ರಾಡಳಿತ ಪ್ರದೇಶದಲ್ಲೋ ನೂರಕ್ಕೆ 95 ಮಂದಿ ಓದು ಬರಹ ಕಲಿತರೆ ಅದನ್ನು ಪೂರ್ಣ ಸಾಕ್ಷರ ಎಂದು ಘೋಷಿಸುತ್ತಾರೆ. 2024ರಲ್ಲಿ ಲಡಾಖ್, 2025ರಲ್ಲಿ ಮಿಜೋರಾಂ, ಗೋವಾ, ತ್ರಿಪುರಾ ಹೀಗೆ ಘೋಷಣೆಯಾದವು. ಸಂತೋಷದ ವಿಷಯವೇ. ಆದರೆ ನಾನು ಟೇಲರ್. ಬಟ್ಟೆ ಕತ್ತರಿಸಿದ ಮೇಲೆ ಉಳಿದ ತುಂಡಿನ ಕಡೆ ನಮ್ಮ ಕಣ್ಣು ಹೋಗಿಯೇ ಹೋಗುತ್ತದೆ. ನೂರರಲ್ಲಿ ಉಳಿದ ಆ ಐದು ಮಂದಿ ಯಾರು?

ನನಗೆ ಗೊತ್ತು. ಅವರಲ್ಲಿ ಕೆಲವರು ನಮ್ಮ ಓಣಿಯಲ್ಲೇ ಇದ್ದಾರೆ.

ನಮ್ಮೂರು ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಗೆ ಹತ್ತಿರದ ಹಳ್ಳಿ. ಮನೆ ಮಾತು ದಖನಿ ಉರ್ದು, ಬೀದಿ ಮಾತು ಕನ್ನಡ. ನನಗೆ ಎರಡು ವರ್ಷ ಇದ್ದಾಗ ಜ್ವರ ಬಂದು ಬಲಗಾಲು ಹೋಯಿತು. ಪೋಲಿಯೊ. ಅಬ್ಬಾ ಸೈಕಲ್ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟರು, ಅದಕ್ಕೇ ಎಸ್ಸೆಸ್ಸೆಲ್ಸಿ ಆಯಿತು. ಅವರು ಬಿಡದೆ ಹೋಗಿದ್ದರೆ ನಾನೂ ಆ ಐದರಲ್ಲೇ ಇರುತ್ತಿದ್ದೆ. ಈಗ ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಹಾಕಿಕೊಂಡು ಬ್ಲೌಸ್, ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ.

ಕಳೆದ ವರ್ಷ ವಯಸ್ಕರಿಗೆ ಅಕ್ಷರ ಕಲಿಸುವ ಉಲ್ಲಾಸ್ ಕಾರ್ಯಕ್ರಮಕ್ಕೆ ಸ್ವಯಂಸೇವಕರು ಬೇಕು ಅಂದರು. ಇದು 2022ರಿಂದ 2027ರವರೆಗಿನ ಕೇಂದ್ರದ ಯೋಜನೆ. 15 ವರ್ಷ ದಾಟಿದ, ಶಾಲೆ ಕಾಣದವರಿಗೆ ಓದು, ಬರಹ, ಲೆಕ್ಕ ಕಲಿಸಿ ಪರೀಕ್ಷೆ ಮಾಡುತ್ತಾರೆ. ಕಲಿಸುವವರಿಗೆ ಸಂಬಳ ಇಲ್ಲ. ಇರಲಿ ಅಂತ ಹೆಸರು ಕೊಟ್ಟೆ. ಸರ್ವೆ ಪಟ್ಟಿಯನ್ನು ಕೈಗೆ ಕೊಟ್ಟರು. ನಮ್ಮ ಓಣಿಯ 31 ಹೆಸರು ಅದರಲ್ಲಿದ್ದವು. 12 ಹೆಸರಿನ ಮುಂದೆ ಒಂದೇ ಮಾತು: "ಆಸಕ್ತಿ ಇಲ್ಲ."

ಆ 12 ಮನೆಗೂ ನನ್ನ ಮೂರು ಗಾಲಿಯ ಸ್ಕೂಟರ್‌ನಲ್ಲಿ ಹೋಗಿ ಬಂದೆ. ನಿಜಕ್ಕೂ ಆಸಕ್ತಿ ಇಲ್ಲದವರು ಒಬ್ಬರೇ ಸಿಕ್ಕರು. "ಕುರಿ ಕಾಯಾಕ ಅಕ್ಷರ ಯಾಕ ಬೇಕವಾ? ಅವೇನು ಓದತಾವ?" ಅಂದರು. ಅದು ಅವರ ಇಷ್ಟ, ಬಿಟ್ಟು ಬಂದೆ. ಉಳಿದ 11 ಮಂದಿಗೆ ಆಸಕ್ತಿ ಇತ್ತು. ಬರಲು ದಾರಿ ಇರಲಿಲ್ಲ.

ಯಾಕೆಂದರೆ ಕಲಿಕೆ ಕೇಂದ್ರ ಇದ್ದದ್ದು ಒಂದು ಕಟ್ಟಡದ ಮೇಲ್ಮಹಡಿಯಲ್ಲಿ. 18 ಮೆಟ್ಟಿಲು. ಎಣಿಸಿದ್ದೇನೆ, ಯಾಕೆಂದರೆ ಒಂದೊಂದನ್ನೂ ಕೂತು ಕೂತು ಹತ್ತಿದ್ದೇನೆ. ಹೊತ್ತು ಸಂಜೆ ಆರೂವರೆ. ಆ ಹೊತ್ತಿಗೆ ನಮ್ಮ ಹೆಂಗಸರಿಗೆ ಮಗ್ರಿಬ್ ನಮಾಜು, ಅದು ಮುಗಿದರೆ ರೊಟ್ಟಿ. ನಮ್ಮವರಿಗೆ ಮಾತ್ರ ಅಲ್ಲ, ಓಣಿಯ ಯಾವ ಹೆಂಗಸು ಆರೂವರೆಗೆ ಒಲೆ ಬಿಟ್ಟು ಬರುತ್ತಾಳೆ ಹೇಳಿ? ಈ ಹೊತ್ತನ್ನು ಗೊತ್ತು ಮಾಡಿದವರು ಸಂಜೆ ಮನೆಗೆ ಹೋದ ಕೂಡಲೇ ಚಹಾ ಸಿಗುವ ಗಂಡಸರೇ ಇರಬೇಕು. ಬೇಸರ ಮಾಡಿಕೊಳ್ಳಬೇಡಿ, ನನಗೆ ಹಾಗೆ ಅನ್ನಿಸಿತು.

ಕೆಳಗೆ ಒಂದು ಕೋಣೆ ಕೊಡಿ ಅಂತ ಕೇಳಿದೆ. ಅಲ್ಲಿ ಹಳೆಯ ಕುರ್ಚಿ, ಬ್ಯಾನರ್ ತುಂಬಿದ್ದಾರೆ ಅಂದರು. ನಮ್ಮ ಮನೆ ಕಟ್ಟೆ ಮೇಲೆ ಹೇಳಿಕೊಡುತ್ತೇನೆ ಅಂದೆ. ಕೇಂದ್ರ ಅಂತ ಒಂದು ಇದ್ದ ಮೇಲೆ ಅಲ್ಲಿಗೇ ಬರಬೇಕು ಅಂದರು. ಈ ಯೋಜನೆಯಲ್ಲಿ ಎಲ್ಲಿ ಅನುಕೂಲವೋ ಅಲ್ಲಿ ಕೂತು ಕಲಿಯಬಹುದು ಎಂಬುದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ. ಒಂದು ವಾರ ಜಗಳ ಆಡಿ ಕಟ್ಟೆ ಮೇಲೆ ಶುರು ಮಾಡಿದೆ. ಹೊತ್ತನ್ನು ನಾನು ಹೇಳಲಿಲ್ಲ, ಅವರನ್ನೇ ಕೇಳಿದೆ. ಮಧ್ಯಾಹ್ನ ಎರಡೂವರೆ, ಮೆಣಸಿನಕಾಯಿ ಸುಗ್ಗಿ ಬಂದಾಗ ರಾತ್ರಿ ಎಂಟೂವರೆ ಅಂತ ಅವರೇ ಗೊತ್ತು ಮಾಡಿದರು. "ಧಾರಾವಾಹಿ ಬಿಟ್ಟು ಬರತೇವಿ ಆಪಾ" ಅಂತ ಮಾತು ಕೊಟ್ಟರು. ಇಬ್ಬರು ಬಿಡಲಿಲ್ಲ. ಮೇಲ್ಮಹಡಿಗೆ 9 ಮಂದಿ ಹೋಗುತ್ತಿದ್ದರು. ಕಟ್ಟೆಗೆ 17 ಮಂದಿ ಬಂದರು. ಒಬ್ಬರು ಲಂಬಾಣಿ ಅಕ್ಕ, ಅವರ ಮನೆ ಮಾತು ಬೇರೆಯೇ. ಅವರಿಗೂ ನಮ್ಮ ಖಾಲಾಗೂ (ಖಾಲಾ ಅಂದರೆ ಚಿಕ್ಕಮ್ಮ) ನಡುವೆ ಇರುವುದು ಸಂತೆಯ ಕನ್ನಡ ಒಂದೇ. ಅದರಲ್ಲೇ ಇಬ್ಬರೂ ಚೆನ್ನಾಗಿ ಜಗಳ ಆಡುತ್ತಾರೆ.

ಖಾಲಾ ಬಗ್ಗೆ ಹೇಳಲೇಬೇಕು. ವಯಸ್ಸು 58. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ, ಕಿಲೋ ಲೆಕ್ಕದ ಕೂಲಿ. ಮೂವತ್ತು ವರ್ಷ ಅದೇ ಕೆಲಸ ಮಾಡಿ ಬೆರಳಿನ ತೊಗಲು ಸುಲಿದು ನುಣ್ಣಗಾಗಿದೆ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ, ಅಂದರೆ ಇದು ಇದೇ ಊರಿನ ಸರಕು ಎಂಬ ಸರ್ಕಾರಿ ಗುರುತು ಸಿಕ್ಕಿದೆ. ಅದರ ತೊಟ್ಟು ಮುರಿಯುವವರ ಬೆರಳಿಗೆ ಗುರುತಿಲ್ಲ. "ಹೆಬ್ಬಟ್ಟೂ ಹೋತು, ಸಹಿನೂ ಬರಂಗಿಲ್ಲ. ನಾ ಹೆಂಗ ಮಾಡ್ಲಿ ಬೇಟಿ?" ಅಂತ ಮೊದಲ ದಿನ ಕೇಳಿದ್ದರು.

ಹೆಸರು ಬರೆಯಲು ಅವರಿಗೆ ಎರಡು ತಿಂಗಳು ಹಿಡಿಯಿತು. ಬರೆಯಲು ಬಂದ ದಿನ ಮನೆಗೆ ಹೋಗಿ ಪೆಟ್ಟಿಗೆಯಲ್ಲಿದ್ದ ಕಾಗದವನ್ನೆಲ್ಲ ತಂದು ನನ್ನ ಮುಂದೆ ಹರಡಿದರು. ಆಧಾರ್‌ನಲ್ಲಿ ಹೆಸರಿನ ಕೊನೆಗೆ "ಬಿ" ಇತ್ತು. ರೇಷನ್ ಕಾರ್ಡಿನಲ್ಲಿ "ಬೀ". ಬ್ಯಾಂಕ್ ಪಾಸ್‌ಬುಕ್‌ನಲ್ಲಿ "ಬೇಗಂ". ವೋಟರ್ ಕಾರ್ಡಿನಲ್ಲಿ ಗಂಡನ ಹೆಸರೇ ಬೇರೆ ಯಾರದೋ ಥರ ಇತ್ತು. ನಾಲ್ಕು ಕಡೆ ನಾಲ್ಕು ಹೆಂಗಸರು! ಅಷ್ಟು ವರ್ಷ ಕೈಯಲ್ಲಿ ಹಿಡಿದುಕೊಂಡು ಓಡಾಡಿದ ಕಾಗದಗಳು, ಓದಲು ಬಂದ ಮೇಲೆಯೇ ತಪ್ಪು ಕಂಡದ್ದು. ಗೃಹಲಕ್ಷ್ಮಿಯ 2000 ರೂಪಾಯಿ ಓಣಿಯವರಿಗೆಲ್ಲ ಬಂದು ತನಗೆ ಮಾತ್ರ ಯಾಕೆ ಬರುತ್ತಿಲ್ಲ ಅಂತ ಅವರು ತಿಂಗಳುಗಟ್ಟಲೆ ದೇವರನ್ನು ಕೇಳುತ್ತಿದ್ದರು. ಹೆಸರು ತಿದ್ದಿಸಿದ ಮೇಲೆ ಬಂತು. ಮುಸ್ಲಿಂ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಕೌಂಟರಿನವರು ಕೇಳಿಸಿದ ಹಾಗೆ ಬರೆಯುತ್ತಾರೆ. ಎದುರಿಗೆ ನಿಂತವರಿಗೆ ಓದಲು ಬರದಿದ್ದರೆ ಅದೇ ಖಾಯಂ.

ಇನ್ನೊಂದು ಸಂಗತಿ ನನಗೂ ಹೊಳೆದಿರಲಿಲ್ಲ. ಮೊದಲ ತಿಂಗಳು ಆರು ಜನ ಎಷ್ಟು ಹೇಳಿದರೂ "ಪ"ಗೂ "ವ"ಗೂ ವ್ಯತ್ಯಾಸ ಹಿಡಿಯಲಿಲ್ಲ. ತಲೆಗೆ ಹತ್ತುತ್ತಿಲ್ಲ ಅಂತಲೇ ತಿಳಿದಿದ್ದೆ. ಒಂದು ದಿನ ಒಬ್ಬರು ಪುಸ್ತಕವನ್ನು ಕೈ ಉದ್ದಕ್ಕೆ ಚಾಚಿ ಹಿಡಿದು ಕಣ್ಣು ಕಿರಿದು ಮಾಡಿದರು. ಅಯ್ಯೋ, ಇವರಿಗೆ ಚಾಳೀಸು! ಸೂಜಿಗೆ ದಾರ ಪೋಣಿಸಲು ನನಗೇ ಬೇಕಾಗಿದೆ, ಆದರೂ ಇವರ ಬಗ್ಗೆ ಯೋಚನೆ ಬರಲಿಲ್ಲ. ದಖನಿಯಲ್ಲಿ ಚಾಳೀಸ್ ಅಂದರೆ ನಲವತ್ತು. ನಲವತ್ತಕ್ಕೆ ಬರುವ ಕನ್ನಡಕ ಅಂತ ಹೆಸರಿನಲ್ಲೇ ಇದೆ. ವಯಸ್ಕರ ತರಗತಿ ಅಂದ ಮೇಲೆ ಮೊದಲು ಕಣ್ಣು ನೋಡಬೇಕಲ್ವಾ? ಪಾಟಿ ಕೊಟ್ಟರು, ಬಳಪ ಕೊಟ್ಟರು, ಪುಸ್ತಕ ಕೊಟ್ಟರು. ಕಣ್ಣಿನ ವಿಷಯ ಯಾರೂ ಕೇಳಲಿಲ್ಲ. ಸಂತೆಯಲ್ಲಿ 120 ರೂಪಾಯಿಗೆ ಒಂದರಂತೆ ಐದು ಕನ್ನಡಕ ತಂದೆವು. ಒಬ್ಬರಿಗೆ ಪೊರೆ ಬಂದಿತ್ತು, ಅವರಿಗೆ ಆಪರೇಷನ್ ಮಾಡಿಸಬೇಕಾಯಿತು. ಈಗ ಅವರೇ ಎಲ್ಲರಿಗಿಂತ ಮುಂದೆ ಓದುತ್ತಾರೆ.

ನನ್ನ ಅಂಗಡಿಯಲ್ಲಿ ಕಾಜ, ಗುಂಡಿ ಮಾಡುವ ಹುಡುಗ ಇದ್ದಾನೆ. 26 ವರ್ಷ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಸರ್ವೆಯವರು ಅವನ ಹೆಸರಿನ ಪಕ್ಕ "ಮೂಗ" ಅಂತ ಬರೆದು ಮುಂದೆ ಹೋಗಿದ್ದರು. ನಮ್ಮ ಪುಸ್ತಕದಲ್ಲಿ ಅಕ್ಷರವನ್ನು ಸದ್ದಿನಿಂದ ಕಲಿಸುತ್ತಾರೆ. ಕೇಳಿ, ಹೇಳಿ, ಬರೆ. ಸದ್ದೇ ಗೊತ್ತಿಲ್ಲದವನಿಗೆ ಅದರಿಂದ ಏನು ಪ್ರಯೋಜನ? ಅವನಿಗೆ ಇಂಚಿನ ಟೇಪೇ ಮೊದಲ ಪುಸ್ತಕ. ಅಂಕಿ ಬಂದವು. ಆಮೇಲೆ ಬಟ್ಟೆಯ ಮೇಲೆಯೇ ಚಾಕ್‌ನಿಂದ "ತೋಳು" ಅಂತ ಬರೆದು ತೋಳು ಮುಟ್ಟಿಸಿದೆ. "ಕಾಲರ್" ಬರೆದು ಕಾಲರ್ ಮುಟ್ಟಿಸಿದೆ. ಅಕ್ಷರ ಬಿಡಿಸಿ ಹೇಳಲಿಲ್ಲ, ಪದವನ್ನು ಇಡಿಯಾಗಿ ಗುರುತು ಹಿಡಿಯುತ್ತಾನೆ. ಸುಮಾರು 70 ಪದ ಬಂದಿವೆ. ದೆಹಲಿಯಲ್ಲಿ 2015ರಿಂದ ಭಾರತೀಯ ಸನ್ನೆ ಭಾಷೆಗೆಂದೇ ಒಂದು ಸರ್ಕಾರಿ ಸಂಸ್ಥೆ ಇದೆ. ಅದರ ವಿಡಿಯೊ ನೋಡಿ ನಾನೂ ಅವನೂ ಒಟ್ಟಿಗೆ ಸನ್ನೆ ಕಲಿಯುತ್ತಿದ್ದೇವೆ. ಅವನು ನನಗಿಂತ ಬೇಗ ಕಲಿಯುತ್ತಾನೆ. ನನ್ನ ಬೆರಳು ನೋಡಿ ನಗುತ್ತಾನೆ.

ಕಣ್ಣು ಕಾಣದ ಒಬ್ಬ ಕಾಕಾ ಕೂಡ ಬರುತ್ತಾರೆ. ಅವರಿಗೆ ನಾನು ಹೆಚ್ಚೇನೂ ಮಾಡಲಾಗಿಲ್ಲ. ಬ್ರೈಲ್ ನನಗೆ ಬರುವುದಿಲ್ಲ, ಕಲಿಸುವವರೂ ಸಿಗಲಿಲ್ಲ. ಬಾಯಿಲೆಕ್ಕದಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ "ಮಣಿ" ಎಂಬ ಆ್ಯಪ್ ಇದೆ, ನೋಟನ್ನು ಫೋನಿಗೆ ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ. ಅದನ್ನು ಹಾಕಿಕೊಟ್ಟೆ. ಈಗ ಚಿಲ್ಲರೆ ತಾವೇ ನೋಡಿಕೊಳ್ಳುತ್ತಾರೆ. ಇದು ಕಲಿಕೆ ಅಲ್ಲವೇ? ಪರೀಕ್ಷೆಯ 150 ಅಂಕದಲ್ಲಿ ಇದಕ್ಕೆ ಎಷ್ಟು ಬರುತ್ತದೆಯೋ ನಾನು ಕೇಳಲು ಹೋಗಲಿಲ್ಲ.

ಇದನ್ನೆಲ್ಲ ನನ್ನ ಹೊಗಳಿಕೆಗೆ ಬರೆಯುತ್ತಿಲ್ಲ. ನಾನು ಮಾಡಿದ್ದು ಕಟ್ಟೆ ಮೇಲೆ ಚಾಪೆ ಹಾಸಿದ್ದು ಅಷ್ಟೇ. ಕಾನೂನು ಇದಕ್ಕಿಂತ ಎಷ್ಟೋ ಜಾಸ್ತಿ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 18ನೇ ಸೆಕ್ಷನ್ ಪೂರ್ತಿ ವಯಸ್ಕರ ಶಿಕ್ಷಣದ ಬಗ್ಗೆಯೇ ಇದೆ. ನನ್ನ ಮಗಳು ಪ್ರಿಂಟ್ ತೆಗೆದು ಕೊಟ್ಟಳು, ಅಂಗಡಿ ಗೋಡೆಗೆ ಅಂಟಿಸಿದ್ದೇನೆ. ಈ ಶಿಕ್ಷಣದಲ್ಲಿ ಅಂಗವಿಕಲರು ಉಳಿದವರ ಸರಿಸಮ ಪಾಲುಗೊಳ್ಳುವಂತೆ ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ನೋಡಿಕೊಳ್ಳಬೇಕು ಎನ್ನುತ್ತದೆ ಆ ಸೆಕ್ಷನ್. ಸ್ಥಳೀಯ ಸಂಸ್ಥೆ ಅಂದರೆ ನಮ್ಮ ಪಂಚಾಯಿತಿಯೂ ಬಂತು. 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಅಂಗವಿಕಲರು 13 ಲಕ್ಷ 24 ಸಾವಿರ. ದೇಶದ ಅಂಗವಿಕಲರಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 55. ಹಾಗಿರುವಾಗ 95 ಮುಟ್ಟಿದ ಕೂಡಲೇ ಕೆಲಸ ಮುಗಿಯಿತು ಅಂದರೆ ಯಾರನ್ನು ಬಿಟ್ಟು ಮುಗಿಸಿದ ಹಾಗಾಯಿತು?

ದುಡ್ಡಿಲ್ಲ ಎಂಬ ಮಾತು ನನಗೆ ಬೇಡ. ಗ್ರಾಮ ಪಂಚಾಯಿತಿಗಳು ತಮ್ಮ ವರಮಾನದಲ್ಲಿ ನೂರಕ್ಕೆ 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು ಎಂಬ ನಿಯಮ ಇದೆ. ಅಲ್ಲೂ ಐದೇ, ನೋಡಿ. ಅದರಲ್ಲಿ ಎಷ್ಟು ಕನ್ನಡಕ ಬರುತ್ತವೆ, ಒಂದು ಇಳಿಜಾರು ದಾರಿಗೆ ಎಷ್ಟು ಸಿಮೆಂಟ್ ಬೇಕು, ನಾನು ಲೆಕ್ಕ ಹಾಕಿ ಕೊಡುತ್ತೇನೆ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಅಂತ ಕರೆಯುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯಾವ ಮನೆಯಲ್ಲಿ ಯಾರಿಗೆ ಏನು ತೊಂದರೆ ಅಂತ ಅವರಿಗೆ ಬಾಯಿಪಾಠ. ಸಾಕ್ಷರತೆಯ ಸರ್ವೆಗೆ ಬಂದವರು ಅವರನ್ನು ಜೊತೆಗೆ ಕರೆದುಕೊಂಡು ಬಂದರೆ ಸಾಕಿತ್ತು. ಒಬ್ಬರ ಪಟ್ಟಿ ಇನ್ನೊಬ್ಬರು ನೋಡುವುದಿಲ್ಲ.

ಮುಂದಿನ ಸರ್ವೆ ಮಾಡುವವರಿಗೆ ನಾನು ಕೇಳುವುದು ಇಷ್ಟೇ. "ಆಸಕ್ತಿ ಇಲ್ಲ" ಎಂದು ಬರೆಯುವ ಮೊದಲು ಯಾಕೆ ಎಂದು ಕೇಳಿ, ಕಾರಣವನ್ನೂ ಬರೆಯಿರಿ. ಮೆಟ್ಟಿಲು ಅಂತ ಬರೆಯಿರಿ. ನಮಾಜಿನ ಹೊತ್ತು ಅಂತ ಬರೆಯಿರಿ. ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ, ಗಂಡ ಬಿಡುವುದಿಲ್ಲ ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಅಂಗವಿಕಲರು ಹೋಗಿ ವಿಕಲಚೇತನರಾದೆವು, ಆಮೇಲೆ ದಿವ್ಯಾಂಗರಾದೆವು. ಹೆಸರು ಎರಡು ಸಲ ಬದಲಾಯಿತು. ಆ 18 ಮೆಟ್ಟಿಲು ಈಗಲೂ 18.

ಕೊನೆಗೆ ನಿಮ್ಮಲ್ಲಿ ಒಂದು ವಿನಂತಿ. ಈ ಪತ್ರ ಹಾಕುವುದಾದರೆ ಅಕ್ಷರ ಸ್ವಲ್ಪ ದೊಡ್ಡದಾಗಿ ಹಾಕಿ. ಕಟ್ಟೆ ಮೇಲೆ ಇದನ್ನು ಖಾಲಾ ಕೈಯಲ್ಲಿ ಓದಿಸಬೇಕು ಅಂತಿದ್ದೇನೆ. ಒತ್ತಕ್ಷರ ಬಂದಲ್ಲಿ ಅವರು ಇನ್ನೂ ತಡವರಿಸುತ್ತಾರೆ, ಬೈಯುತ್ತಾರೆ. ಬೈಗುಳ ನನಗೆ ಬರಲಿ, ನಿಮಗೆ ಬೇಡ.

ಇಂತಿ,
ಒಬ್ಬ ಟೇಲರ್ ಹೆಂಗಸು, ಬ್ಯಾಡಗಿ ತಾಲ್ಲೂಕು
(ಹೆಸರು, ವಿಳಾಸ ನಿಮ್ಮ ಕಚೇರಿಗೆ ಬೇರೆ ಚೀಟಿಯಲ್ಲಿ ಕೊಟ್ಟಿದ್ದೇನೆ. ಪತ್ರಿಕೆಯಲ್ಲಿ ಹಾಕುವುದು ಬೇಡ. ಕೆಳಗಿನ ಕೋಣೆ ಇನ್ನೂ ಸಿಗಬೇಕಾಗಿದೆ.)